ಪಾದ, ನಾಭಿ, ಮುಖ

ಜೂನ್ 7, ಶನಿವಾರ
ಮಂಗಳಾರತಿ. ಪಾದ ಆಯಿತು, ನಾಭಿ ಆಯಿತು. ಮುಖಕ್ಕೆ ಬಲಗೈ ಏಳಲೇ ಇಲ್ಲ. ಭುಜದೊಳಗೆ ಸೂಜಿ ಚುಚ್ಚಿದ ಹಾಗೆ. ಅಷ್ಟಕ್ಕೇ ಇಳಿಸಿಬಿಟ್ಟೆ. ನಮ್ಮ ಗೋಪಾಲಸ್ವಾಮಿ ಪೀಠ ಸೇರಿ ಆಳಿಗಿಂತ ಎತ್ತರ, ಗರ್ಭಗುಡಿ ಕಗ್ಗತ್ತಲು. ಆರತಿ ಏರದಿದ್ದರೆ ಸ್ವಾಮಿಗೆ ಮುಖವೇ ಇಲ್ಲ.
ಹೂ ಮಾರುವ ಬೈರಮ್ಮ ಬಾಗಿಲಲ್ಲೇ ಹಿಡಿದಳು — "ಅಯ್ನೋರೆ, ಇವತ್ತೂ ಬರೀ ಪಾದನೇ ಆಯ್ತಲ್ಲ. ಮೊಕ ಕಾಣ್ನಿಲ್ಲ."
ಕಣ್ಣು ತೋರಿಸಿಕೋ ಹೋಗು ಎಂದೆ. ಆಮೇಲೆ ನಾಚಿಕೆಯಾಯಿತು.

ಜೂನ್ 9, ಸೋಮವಾರ
ಪಾಂಡವಪುರಕ್ಕೆ ಬಸ್ಸು. ಡಾಕ್ಟರು ಬರ್ಸೈಟಿಸ್ ಎಂದು ಬರೆದು ಫಿಸಿಯೋಗೆ ಕಳಿಸಿದ್ದರು. ಫಿಸಿಯೋ ದಿವ್ಯ, ನಾಗಮಂಗಲದ ಕಡೆಯ ಹುಡುಗಿ. "ಭುಜದ್ ಮೂಳೆ ಕೆಳ್ಗೆ ಒಂದು ಪುಟ್ಟ ನೀರಿನ ಚೀಲ ಇರ್ತದೆ ಸರ್. ಅದು ಊದ್ಕಂಡದೆ. ಕೈ ಎತ್ತಿದಾಗೆಲ್ಲ ನಡುವೆ ಸಿಕ್ಕಾಕತದೆ."
ಸಿಕ್ಕಿಹಾಕಿಕೊಂಡಿರುವುದು ಚೀಲ ಒಂದೇ ಅಲ್ಲ ತಾಯಿ.
ಭುಜದಿಂದ ಮೇಲಕ್ಕೆ ಕೈ ಎತ್ತಕೂಡದಂತೆ. ಐಸ್ ಇಡಬೇಕು. ಬಗ್ಗಿ, ಕೈ ಜೋತುಬಿಟ್ಟು, ಸುತ್ತಲೂ ತೂಗಬೇಕು. "ಸ್ವಲ್ಪ ದಿನ ಎಡಗೈಲಿ ಪೂಜೆ ಮಾಡಿ ಸರ್." ಎಡಗೈಲಿ ಮಂಗಳಾರತಿ! ನಗು ಬಂತು. ಬೇಗ ಹೋಯಿತು.
ಸಂಜೆ ತೂಗುತ್ತಿದ್ದೆ. ಹೆಂಡತಿ ಕಮಲ ನೋಡಿ, "ಯಾರಿಗ್ರೀ ಆರತಿ, ನೆಲಕ್ಕಾ?" ಎಂದಳು. ಪೂಜೆಗೆ ಸುಧೀಂದ್ರನಿಗೆ ಹೇಳಿ ಎನ್ನುತ್ತಾಳೆ. ಚಿಕ್ಕಪ್ಪನ ಮಗ. ಕೆಲಸವಿಲ್ಲ, ಕಣ್ಣು ಗರ್ಭಗುಡಿ ಮೇಲೆ. ಒಮ್ಮೆ ಒಳಗೆ ಬಿಟ್ಟರೆ ಹೊರಗೆ ಬರುವ ಆಸಾಮಿಯಲ್ಲ. ಗುಡಿ ಹೋದರೆ ನಾನು ಯಾರು? ಹೇಳಲಾರೆ.

ಜೂನ್ 28, ಶನಿವಾರ
ಬರೆಯಲೂ ಆಗಿರಲಿಲ್ಲ, ಕ್ಲಿನಿಕ್ಕಿಗೂ ಹೋಗಿರಲಿಲ್ಲ. ಗಂಟೆ ಪಕ್ಕಕ್ಕಿಟ್ಟು, ಎಡಗೈಯಿಂದ ಬಲ ಮೊಣಕೈ ತಳ್ಳಿ ತಳ್ಳಿ ಆರತಿ ಎತ್ತುತ್ತಿದ್ದೆ. ಏನೋ ಹೊಸ ಶಾಸ್ತ್ರ ಎಂದುಕೊಂಡಿರಬೇಕು ಜನ.
ಇವತ್ತು ಪಂಚೆಯನ್ನೂ ಕಮಲಳೇ ಸುತ್ತಿದಳು. ದಿವ್ಯ ಫೋನಿನಲ್ಲಿ ಬೈದಳು — "ಇಂಗೇ ಮಾಡ್ತಿದ್ರೆ ಭುಜ ಕಚ್ಕಂಡ್ಬುಡ್ತದೆ ಸರ್. ಆಮೇಲೆ ಅನ್ನ ಕಲ್ಸಕ್ಕೂ ಆಗಲ್ಲ."
ಸುಧೀಂದ್ರನಿಗೆ ಬೀಗದ ಕೈ ಕೊಟ್ಟೆ. "ಆರಾಮಾಗಿರಿ ಅಣ್ಣ, ನಾನಿದ್ದೀನಲ್ಲ" ಎಂದ. ನನ್ನ ಭಯವೂ ಅದೇ.

ಜುಲೈ 19, ಶನಿವಾರ
ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮ. ಇವತ್ತು ಕಿವಿ ದಾಟಿತು. ರಬ್ಬರ್ ಪಟ್ಟಿ ಕಿಟಕಿಯ ಸರಳಿಗೆ ಕಟ್ಟಿ ಎಳೆಯುತ್ತೇನೆ. ಗುಡಿಯ ಗಂಟೆ ಕೇಳಿದರೆ ಜೋರಾಗಿ ಎಳೆದುಬಿಡುತ್ತೇನೆ... ಹೊಟ್ಟೆಕಿಚ್ಚು. ಇಲ್ಲೂ ಸುಳ್ಳೇಕೆ ಬರೆಯಲಿ.

ಆಗಸ್ಟ್ 9, ಶನಿವಾರ
ಕೈ ಪೂರ್ತಿ ಎದ್ದಿತು. ನೋವಿಲ್ಲ! "ಇನ್ನು ಬರ್ಬೇಡಿ ಸರ್, ಮನೇಲೇ ಮಾಡ್ಕಳಿ" — ದಿವ್ಯ. ಮಡಿಯುಟ್ಟು ನೇರ ಗುಡಿಗೆ. ಸುಧೀಂದ್ರ ತಕರಾರಿಲ್ಲದೆ ತಟ್ಟೆ ಕೊಟ್ಟ. ಇವನನ್ನು ಸುಮ್ಮನೆ ಅನುಮಾನಿಸಿದೆ ಎನಿಸಿತು.
ಒಳಗೆ ಹೋದರೆ ಹಗಲು. ಸ್ವಾಮಿಯ ತಲೆಯ ಮೇಲೆ ಎಲ್‌ಇಡಿ ಪಟ್ಟಿ. ಮುಖ, ಕಿರೀಟ, ಎಣ್ಣೆಯ ಜಿಡ್ಡು, ಎಲ್ಲ ಕಾಣುತ್ತಿದೆ.
ಪಾದ. ನಾಭಿ. ಮುಖಕ್ಕೆ ಎತ್ತಿದೆ, ಪೂರ್ತಿ. ಆ ಬೆಳಕಿನಲ್ಲಿ ಕರ್ಪೂರ ಉರಿಯುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಒಬ್ಬರೂ ಕತ್ತೆತ್ತಲಿಲ್ಲ.
ಲೈಟು ಆರಿಸು ಎಂದೆ. ಸುಧೀಂದ್ರ ಬೈರಮ್ಮನ ಕಡೆ ನೋಡಿದ.
ಬೈರಮ್ಮ ಅಂದಳು — "ಇರ್ಲಿ ಬುಡಿ ಅಯ್ನೋರೆ. ನಿಮ್ ನೋವು ನೋಡಕಾಗ್ದೆ ನಾವೆಲ್ಲ ಸೇರ್ಕಂಡು ಹಾಕ್ಸಿದ್ದು. ಇನ್ನು ನೀವು ಕೈ ಎತ್ತೋದೇ ಬ್ಯಾಡ."
ಪ್ರೀತಿಯಿಂದ ಹಾಕಿಸಿದ್ದಾರೆ. ಯಾರ ಮೇಲೆ ಸಿಟ್ಟಾಗಲಿ? ಕೈ ಇನ್ನೂ ಮೇಲೇ ಇತ್ತು. ಇಳಿಸೋಣ ಎಂದರೆ, ಇಳಿಸಿದ ಮೇಲೆ ಮತ್ತೆ ಎತ್ತಲು ಕಾರಣವೇ ಇರಲಿಲ್ಲ.