ಪಿಂಗಾಣಿ ನಾಯಿ

ಹಾಲೆ, ಭಾನುವಾರ
14 ಮಾರ್ಚ್ 1976

ಪ್ರೀತಿಯ ಅಪ್ಪ,

ನಿನ್ನ ಕಾದಂಬರಿ ಅಚ್ಚು ಹಾಕಲು ಬರ್ಲಿನ್‌ನ ಸೆನ್ಸಾರ್ ಕಚೇರಿಯ ಅನುಮತಿ ಸಿಕ್ಕಿದೆ. ಕ್ರಿಸ್‌ಮಸ್‌ಗೆ ಮುಂಚೆಯೇ ಸಿಕ್ಕಿತ್ತು. ನಾನು ಆಸ್ಪತ್ರೆಗೆ ಬಂದಾಗಲೆಲ್ಲ ಬರ್ಲಿನ್‌ನಿಂದ ಇನ್ನೂ ಏನೂ ಬಂದಿಲ್ಲವೆಂದೆ. ಇವಳಿಗೆ ಸುಳ್ಳು ಬಾರದೆಂದು ನೀನು ನಂಬಿದೆ.

ನಮ್ಮ ಅಡುಗೆಮನೆಗೆ ಹಸ್ತಪ್ರತಿ ತರುತ್ತಿದ್ದ ಲೇಖಕರಿಗೆಲ್ಲ ನೀನು ಹೇಳುತ್ತಿದ್ದೆಯಲ್ಲ, "ಒಳಗೊಂದು ಪಿಂಗಾಣಿ ನಾಯಿ ಕೂರಿಸ್ರಪ್ಪಾ. ಬರ್ಲಿನ್‌ನೋರು ಅದನ್ನ ಒಡೆದು ಖುಷಿಯಾಗಿ ಹೋಗ್ತಾರೆ, ಮನೆ ಉಳಿಯುತ್ತೆ" ಎಂದು. ನಿನ್ನ ಪುಸ್ತಕದಲ್ಲೂ ನೀನು ಒಂದನ್ನು ಕೂರಿಸಿದೆ: ಕುಡಿದ ಮಂತ್ರಿ ಭಾಷಣ ಮಾಡುತ್ತ ಆಲೂಗಡ್ಡೆ ರಾಶಿಯ ಮೇಲಿಂದ ಜಾರಿ ಬೀಳುವ ಪ್ರಸಂಗ. ಅದನ್ನು ಹೊಡೆದುಹಾಕಿ, ಅಮ್ಮ ಜೈಲಿನಲ್ಲಿ ಸತ್ತ ಅಧ್ಯಾಯವನ್ನು ಬಿಡುತ್ತಾರೆಂದುಕೊಂಡೆ.

ನಾಯಿ ಅವರಿಗೆ ಬಹಳ ಹಿಡಿಸಿದೆಯಂತೆ, ಅಪ್ಪ. ಒಂದಕ್ಷರ ಮುಟ್ಟಿಲ್ಲ. ಅಮ್ಮನನ್ನು ತೆಗೆದಿದ್ದಾರೆ.

ನಿಮ್ಮ ಪ್ರಕಾಶನದ ಕೆಸ್ಟ್‌ನರ್ ಮೇಡಂ ಇದಕ್ಕೆ ನಿನ್ನ ಒಪ್ಪಿಗೆ ತಂದುಕೊಡೆಂದು ಕೇಳಿಕೊಂಡು ಮತ್ತೆ ಮತ್ತೆ ಮನೆಗೆ ಬಂದರು. "ಹೋಗ್ಲಿ ಬಿಡೇ, ಒಂದು ಅಧ್ಯಾಯ ತಾನೇ? ಪುಸ್ತಕ ಒಂದ್ಸಲ ಕೈಯಲ್ಲಿ ಹಿಡ್ಕೊಂಡು ಹೋಗ್ಲಿ ಮನುಷ್ಯ." ನಾನು ಆಗಲ್ಲ ಅಂದೆ. "ಈ ಬಾಯಿಂದಾನೇ ಸ್ಕೂಲು ಕಳ್ಕೊಂಡೆ, ಇನ್ನೂ ಬುದ್ಧಿ ಬರ್ಲಿಲ್ವಲ್ಲ ನಿಂಗೆ!" ಎಂದು ರೇಗಿದರು.

ಅಮ್ಮ ಹೇಗೆ ಸತ್ತಳೆಂದು ನಾನು ತರಗತಿಯಲ್ಲಿ ಹೇಳಿದ ದಿನ ಹೆಡ್‌ಮಾಸ್ಟರು ನಿನ್ನನ್ನು ಕರೆಸಿದರು. "ನ್ಯುಮೋನಿಯಾ ಸಾರ್. ಹುಡುಗಿ ಏನೋ ಕಲ್ಪಿಸ್ಕೊಂಡಿದಾಳೆ" ಎಂದೆ ನೀನು. ನಾನು ಚೀಲ ಅಲ್ಲೇ ಬಿಟ್ಟು ಹೊರಟೆ, ಮತ್ತೆ ಹೋಗಲಿಲ್ಲ. ನಿನ್ನ ಜೊತೆ ಕೂತು ಊಟ ಮಾಡುವುದನ್ನೂ ಬಿಟ್ಟೆ. ಹೋದ ವರ್ಷ ನೀನು ಆ ಅಧ್ಯಾಯವನ್ನು ಓದಲು ಕೊಟ್ಟೆ. ಅದರಲ್ಲಿ ನ್ಯುಮೋನಿಯಾ ಇರಲಿಲ್ಲ. ಅವತ್ತು ನಾನು ಇಬ್ಬರಿಗೂ ಸಾರು ಬಡಿಸಿದೆ, ನೆನಪಿದೆಯೆ?

ನಿನ್ನ ಆರೋಗ್ಯದ ಚಿಂತೆಯಿಂದ ನಾನಿದನ್ನು ಮುಚ್ಚಿಡಲಿಲ್ಲ. ನೀನು ಒಪ್ಪಿಬಿಡುತ್ತೀಯೆಂಬ ಹೆದರಿಕೆಯಿಂದ ಮುಚ್ಚಿಟ್ಟೆ.

ಬುಧವಾರ ಮೇಡಂ ಸಹಿಗಾಗಿ ನಿನ್ನ ಹಾಸಿಗೆಯ ಬಳಿಗೇ ಬರುತ್ತಾರೆ. ನೀನು ಸಹಿ ಹಾಕುವುದನ್ನು ನೋಡಲು ನನ್ನಿಂದಾಗದು. ಹಾಕದೆ, ಪುಸ್ತಕವನ್ನೂ ಕಾಣದೆ ಕಣ್ಣು ಮುಚ್ಚುವುದನ್ನೂ ನೋಡಲಾರೆ.

ನಿನ್ನ
ಅನೆಗ್ರೆಟ್

ಮರೆತಿದ್ದೆ: ಪುಸ್ತಕದ ಮೊದಲ ಪುಟದಲ್ಲಿ 'ಸುಳ್ಳು ಹೇಳದ ನನ್ನ ಮಗಳಿಗೆ' ಎಂದಿದೆ. ನೀನು ಏನೇ ಮಾಡು, ಆ ಸಾಲು ತೆಗೆಸು. ದೂರದ ಕಡಲತೀರದ ಸಾಸ್ನಿಟ್ಸ್‌ನ ಮೀನು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ.