ಬಸ್ಸು ಬಾರದ ನಿಲ್ದಾಣದಲ್ಲಿ ಎಣಿಕೆ

ಗುರುವಾರ, ೧೨ ಮಾರ್ಚ್

ನಗರಸಭೆಯ ಎಂಜಿನಿಯರು ಬಸ್ಸೇ ಬಾರದ ನಿಲ್ದಾಣದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಹತ್ತುವ ಜನರೇ ಇಲ್ಲವೆಂದು ವರದಿ ಬರೆದಿದ್ದಾರೆ. ಇದು ಅನ್ಯಾಯ. ಬಸ್ಸು ಬರುವುದು ನಿಂತಾಗಿನಿಂದ ನಾವೆಲ್ಲ ಮುಖ್ಯರಸ್ತೆಯವರೆಗೆ ನಡೆದುಹೋಗಿ ಹತ್ತುತ್ತಿದ್ದೇವೆ. ಅಲ್ಲಿ ಯಾರೂ ಎಣಿಸಲಿಲ್ಲ.

ಬಸ್ಸಿನ ಸೌಕರ್ಯವಿರುವ ಕಡೆ ಮಾತ್ರ ಸಣ್ಣ ಮನೆ ಎಂಬುದು ನಗರಸಭೆಯ ನಿಯಮ; ಹಾಗಾಗಿ ಬಸ್ಸು ಬರದಿದ್ದರೆ ನಮ್ಮ ಹಳೇ ಬಡಾವಣೆಯ ಖಾಲಿ ನಿವೇಶನಗಳಲ್ಲಿ ಸಣ್ಣ ಮನೆಗಳನ್ನು ಕಟ್ಟಲು ಅನುಮತಿಯಿಲ್ಲವಂತೆ. ಅವುಗಳಲ್ಲೊಂದು ಬಾಡಿಗೆಗೆ ಸಿಗುತ್ತದೆಂದು ಅಕ್ಕ ಕಾದಿದ್ದಾಳೆ. ಸಿಗದಿದ್ದರೆ ಮಗುವನ್ನು ಕಟ್ಟಿಕೊಂಡು ಊರಾಚೆಗೆ ಹೋಗಬೇಕು. ಅವಳು ಆಸ್ಪತ್ರೆಯ ಪಾಳಿಗೆ ಹೋದಾಗ ಅಮ್ಮ ಅಷ್ಟು ದೂರದಿಂದ ಮಗುವನ್ನು ನೋಡಿಕೊಳ್ಳುವುದು ಹೇಗೆ?

ಈ ವರದಿಯ ಬಗ್ಗೆ ಸಂಜೆ ನಡೆದ ಸಭೆಯಲ್ಲಿ ಬಡಾವಣೆ ಸಂಘದ ಅಧ್ಯಕ್ಷರು, "ಸಣ್ಣ ಮನೆ ಕಟ್ಟಿದ್ರೆ ಕಂಡಕಂಡವರೆಲ್ಲ ಬಂದು ಸೇರ್ಕೋತಾರೆ" ಎಂದರು.

"ಕಂಡಕಂಡವರಲ್ಲ ಸರ್, ನಮ್ಮಕ್ಕ. ನೀವು ಜಾರಿಬಿದ್ದಾಗ ಕಾಲಿಗೆ ಪಟ್ಟಿ ಕಟ್ಟಿದವಳು" ಎಂದೆ. ಎಲ್ಲರೂ ನಕ್ಕರು, ಅವರೊಬ್ಬರನ್ನು ಬಿಟ್ಟು.

ಕರಪತ್ರಗಳಲ್ಲಿ ಓದಿದ್ದ ದೊಡ್ಡ ಮಾತುಗಳು ಬಾಯಿಗೆ ಬರಲೇ ಇಲ್ಲ. ಸಭೆಗೆ ಬಂದಿದ್ದ ಆ ಎಂಜಿನಿಯರನ್ನು ಇಷ್ಟೇ ಕೇಳಿದೆ: "ಒಂದ್ಸಲ ನಮ್ ಜೊತೆ ನಡ್ಕೊಂಡು ಬಂದು, ಮುಖ್ಯರಸ್ತೇಲಿ ಎಣಿಸ್ತೀರಾ?"

ಅವರು ತಮ್ಮ ಬೂಟು ನೋಡಿಕೊಂಡರು. "ಆಯ್ತು ಬಿಡಮ್ಮ, ಬರ್ತೀನಿ."

ಮನೆಗೆ ಬರುವಾಗ ಅಕ್ಕ ದಾರಿಯುದ್ದಕ್ಕೂ ರೇಗಿಸಿದಳು. "ಅವ್ರು ಕೈ ಕೊಟ್ರೆ ಏನ್ ಮಾಡ್ತೀಯೇ, ಲೀಡರಮ್ಮ?"

ಕೈಕೊಟ್ಟರೆ ಅಷ್ಟೂ ಜನ ಅವರ ಕಚೇರಿಗೇ ನಡೆದು ಹೋಗುತ್ತೇವೆ, ಅಲ್ಲೇ ಎಣಿಸಿಕೊಳ್ಳಲಿ. ನಾನಂತೂ ಬಿಡುವವಳಲ್ಲ. ಕೋಪ ಆರಿಲ್ಲ, ಕಣ್ಣು ಮಾತ್ರ ಎಳೆಯುತ್ತಿದೆ. ಎಣಿಕೆಗೆ ಎಲ್ಲರೂ ಸೇರುವುದು ಸೋಮವಾರ ಬೆಳಗ್ಗೆ ಏಳಕ್ಕೆ, ಹಾಲಿನಂಗಡಿ ಮುಂದೆ.