ಹದಿನಾರು ಅಂಕಿಗಳು ಮತ್ತು ಫಕೀರವ್ವನ ಅಂಗೈ

ಗದಗ,
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರಾ ಎಂಬತ್ತೇಳು

ಪೂರ್ವಿಕರೇ,

ಮೇಲಿನ ತಾರೀಖು ನೋಡಿ ಇದು ಯಾರದೋ ಹುಡುಗಾಟವೆಂದು ಕಾಗದವನ್ನು ಬದಿಗಿಡಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನು ಸರಿದೂಗಿಸುವಾಗ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು, ಕೆಲವು ಪದಗಳು ನಿಮಗೆ ಗೊತ್ತೇ ಇರಲಾರವು. ಅದಕ್ಕೆ ಕ್ಷಮೆ ಇರಲಿ. ನಿಮ್ಮ ಕಾಲದ ಕಾಗದಪತ್ರಗಳನ್ನು ದಾಖಲೆಮನೆಯಲ್ಲಿ ಓದಿ ನಿಮ್ಮ ಹಾಗೆ ಬರೆಯಲು ಪ್ರಯತ್ನಿಸುತ್ತಿದ್ದೇನೆ. ಇದು ನಿಮ್ಮನ್ನು ತಲುಪುತ್ತದೆಯೋ ಇಲ್ಲವೋ ನನಗೆ ತಿಳಿಯದು. ಬರೆಯದೆ ಇರಲು ಮಾತ್ರ ಆಗುತ್ತಿಲ್ಲ. ಎರಡು ಸಾಲು ಬರೆದು ಎದ್ದು ಓಡಾಡುತ್ತೇನೆ, ಮತ್ತೆ ಬಂದು ಕೂರುತ್ತೇನೆ.

ನನ್ನ ಹೆಸರು ಸುಗಲಾ ಬಳಿಗಾರ. ವಯಸ್ಸು ನಲವತ್ತಾರು. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ನಾಲ್ಕು ವರ್ಷದವಳಿದ್ದಾಗ ತಾಯಿ ತೀರಿಕೊಂಡಳು. ಅವಳ ತಂಗಿ ಫಕೀರವ್ವ ನನ್ನನ್ನು ಸಾಕಿದಳು. ನಾನು ಅವಳನ್ನು ಚಿಗವ್ವ ಎನ್ನುತ್ತೇನೆ. ಬೆಟಗೇರಿಯಲ್ಲಿ ಅವಳದೊಂದು ಖಾನಾವಳಿ. ನಮ್ಮಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಯಾರೂ ಹೊರಗೆ ದುಡಿಯುವಂತಿಲ್ಲ. ಅದಕ್ಕೆ ಬಿಸಿಲುಬಿಡುವು ಎನ್ನುತ್ತೇವೆ. ಆ ಹೊತ್ತಿನಲ್ಲಿ ಗುಡ್ಡದಿಂದ ಇಳಿದ ಕೆಲಸಗಾರರು, ಮಗ್ಗದವರು, ಬಸ್ಸಿನವರು ಎಲ್ಲ ಚಿಗವ್ವನ ಖಾನಾವಳಿಗೆ ಬಂದು, ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಂಡು, ಅಲ್ಲೇ ಚಾಪೆಯ ಮೇಲೆ ಅಡ್ಡಾಗುತ್ತಿದ್ದರು. ಹೋಗುವಾಗ ಬಾಗಿಲ ಬಳಿಯ ಅಂಗೈದೀಪದ ಮೇಲೆ ಕೈಯಿಟ್ಟು ಹೋಗುತ್ತಿದ್ದರು. ಅಂಗೈದೀಪವೆಂದರೆ ತಟ್ಟೆಯಷ್ಟು ಅಗಲದ ಗಾಜು. ಅದರ ಮೇಲೆ ಅಂಗೈ ಇಟ್ಟರೆ ಚರ್ಮದೊಳಗಿನ ರಕ್ತನಾಳಗಳನ್ನು ನೋಡಿ ಗುರುತು ಹಿಡಿದು ಹಸಿರಾಗುತ್ತದೆ, ಹಣ ಸಂದಾಯವಾಗುತ್ತದೆ. ಬಸ್ಸು ಹತ್ತಲು, ನಲ್ಲಿಯಲ್ಲಿ ನೀರು ಹಿಡಿಯಲು, ಔಷಧಿ ಕೊಳ್ಳಲು, ಎಲ್ಲಕ್ಕೂ ಅದೇ. ಅಂಗೈಯನ್ನು ಕದಿಯಲು ಬರುವುದಿಲ್ಲ ಎಂದು ನಮಗೆ ಶಾಲೆಯಲ್ಲೇ ಕಲಿಸುತ್ತಾರೆ.

ಹೋದ ವರ್ಷ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಚಿಗವ್ವ ಹಿಟ್ಟಿಗಾಗಿ ಗಿರಣಿಗೆ ಹೋದಳು. ಕೈಯಿಟ್ಟಳು, ದೀಪ ಕೆಂಪಾಯಿತು. ಸೆರಗಿನಿಂದ ಕೈ ಒರೆಸಿಕೊಂಡು ಮತ್ತೆ ಇಟ್ಟಳು, ಮತ್ತೆ ಕೆಂಪು. ಗಿರಣಿಯವನು ನಲವತ್ತು ವರ್ಷದ ಪರಿಚಯದವನು, ಆದರೂ ದೀಪ ಹಸಿರಾಗದೆ ಚೀಲ ಬಿಡುವ ಅಧಿಕಾರ ಅವನಿಗಿಲ್ಲ. ಚಿಗವ್ವ ಖಾಲಿ ಚೀಲ ಮಡಚಿಕೊಂಡು ನಡೆದೇ ಮನೆಗೆ ಬಂದಳು, ಏಕೆಂದರೆ ಬಸ್ಸಿನ ದೀಪವೂ ಅವಳನ್ನು ಹತ್ತಿಸಿಕೊಳ್ಳಲಿಲ್ಲ.

ಮರುದಿನ ಇಬ್ಬರೂ ಪಾವತಿ ಮಂಡಳಿಯ ಕಚೇರಿಗೆ ಹೋದೆವು. ಯಾವುದೋ ದೂರದ ಬಂದರಿನಲ್ಲಿ ಫಕೀರವ್ವ ಬಳಿಗಾರ ಅವರ ಹೆಸರಿನಲ್ಲಿ ಉಪ್ಪುನೀರು ಸೋಸುವ ಎಂಟು ದೊಡ್ಡ ಯಂತ್ರಗಳ ಖರೀದಿಯಾಗಿದೆ, ಆ ಹಣ ಬಾಕಿ ಇರುವುದರಿಂದಲೇ ದೀಪ ಕೆಂಪಾಗುತ್ತಿದೆ, ಯಂತ್ರಗಳನ್ನು ಹೊತ್ತ ಹಡಗು ಆಗಲೇ ಹೊರಟುಹೋಗಿದೆ ಎಂದು ಅಲ್ಲಿ ಗೊತ್ತಾಯಿತು. ಚಿಗವ್ವ ಜನ್ಮದಲ್ಲಿ ಸಮುದ್ರ ನೋಡಿದವಳಲ್ಲ. ಅಲ್ಲಿನ ಅಧಿಕಾರಿ ವಾರುಣಿ ಎಂಬವರು ಕೆಟ್ಟವರಾಗಿರಲಿಲ್ಲ. ಅಷ್ಟು ಹೇಳಲೇಬೇಕು. ಕುರ್ಚಿ ಕೊಟ್ಟರು, ನೀರು ಕೊಟ್ಟರು, ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ, ಅರವತ್ತು ವರ್ಷಗಳಲ್ಲಿ ಅಂಗೈದೀಪ ಒಮ್ಮೆಯೂ ತಪ್ಪಿಲ್ಲ, ಆದ್ದರಿಂದ ಕೊಂಡವರು ಇವರೇ ಎಂದರು. ನಮ್ಮ ಮುಂದೆ ಎರಡು ದಾರಿಗಳಿದ್ದವು. ಖರೀದಿಯನ್ನು ಒಪ್ಪಿಕೊಂಡು ಖಾನಾವಳಿ ಮಾರಿ ಹಣ ತುಂಬುವುದು ಒಂದು. ಇನ್ನೊಂದು, ಮರೆವಿನ ಹೇಳಿಕೆಗೆ ಸಹಿ ಹಾಕುವುದು. ವಯಸ್ಸಾಗಿ ಬುದ್ಧಿ ಮಸುಕಾಗಿದೆ, ಮಾಡಿದ್ದು ನೆನಪಿಲ್ಲ ಎಂದು ಬರೆದುಕೊಟ್ಟರೆ ಮಂಡಳಿ ಆ ಹಣವನ್ನು ಬಿಟ್ಟುಬಿಡುತ್ತದೆ. ಆದರೆ ಅಂದಿನಿಂದ ಆ ವ್ಯಕ್ತಿಯ ಅಂಗೈಗೆ ಬೆಲೆಯಿಲ್ಲ. ಮನೆಯವರೊಬ್ಬರು ಕೈಗಾವಲಾಗಿ ನಿಲ್ಲಬೇಕು. ಅವರು ಕೈಯಿಟ್ಟರೆ ಮಾತ್ರ ದೀಪ ಹೊತ್ತುತ್ತದೆ.

ಚಿಗವ್ವ ಒಂದೇ ಮಾತು ಹೇಳಿದಳು. "ನಾ ಕೊಂಡಿಲ್ಲ. ಆ ಊರಿನ ಹೆಸರ ಸೈತ ಇವತ್ತ ಕೇಳಾಕತ್ತೀನಿ."

ಮೂರು ವಾರ ಅಲೆದೆ. ಈ ಕಿಟಕಿಯವರು ಆ ಕಿಟಕಿಗೆ ಹೋಗಿ ಎಂದರು, ಆ ಕಿಟಕಿಯವರು ಹುಬ್ಬಳ್ಳಿಗೆ ಹೋಗಿ ಎಂದರು. ಹುಬ್ಬಳ್ಳಿಯಲ್ಲಿ ಮನುಷ್ಯರೇ ಇರಲಿಲ್ಲ, ಒಂದು ದನಿ ಮಾತ್ರ ಇತ್ತು. ದೂರು ದಾಖಲಿಸಲು ಆ ದನಿ ದೂರುದಾರರ ಅಂಗೈ ಕೇಳುತ್ತಿತ್ತು. ಚಿಗವ್ವ ಕೈಯಿಟ್ಟರೆ ದೀಪ ಕೆಂಪಾಗುತ್ತಿತ್ತು, ಕೆಂಪಾದ ಕೈಯ ದೂರು ಸ್ವೀಕರಿಸಲಾಗದು ಎನ್ನುತ್ತಿತ್ತು. ಕೈ ಯಾಕೆ ಕೆಂಪಾಗಿದೆ ಎಂಬುದೇ ನಮ್ಮ ದೂರು ಎಂದು ಅದಕ್ಕೆ ಹೇಗೆ ತಿಳಿಸುವುದು? ಗುಡ್ಡದ ಮೇಲೆ ನನ್ನ ಪಾಳಿ ತಪ್ಪುತ್ತಿತ್ತು, ಮೇಲಿನವರು ಗೊಣಗುತ್ತಿದ್ದರು. ನನಗೆ ಸಾಕಾಗಿ ಹೋಗಿತ್ತು.

ಬರೆಯಲು ಕಷ್ಟವಾಗುವ ಮಾತು ಈಗ ಬರುತ್ತದೆ. ಸಾಕಾಗಿ ಹೋದವಳಿಗೆ ಅನುಮಾನ ಬರಲು ತಡವಾಗಲಿಲ್ಲ. ಆ ತಿಂಗಳು ಚಿಗವ್ವ ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳು. ಇನ್ನೊಂದು ದಿನ ನನ್ನನ್ನು ತಾಯಿಯ ಹೆಸರು ಹಿಡಿದು ಕರೆದಿದ್ದಳು. ಹಿಂದೆಯೂ ಎಷ್ಟೋ ಸಲ ಹಾಗೆ ಕರೆದಿದ್ದವಳೇ. ನಾನು ಮಾತ್ರ ಈಗ ಅವನ್ನೆಲ್ಲ ಲೆಕ್ಕಕ್ಕೆ ಹಿಡಿದೆ. ಯಾರೋ ಬಂದು ಏನೋ ಹೇಳಿ ಇವಳ ಕೈ ಇಡಿಸಿಕೊಂಡಿರಬಹುದು, ಇವಳು ಮರೆತಿರಬಹುದು ಎಂದುಕೊಂಡೆ. ಒಂದು ಮಧ್ಯಾಹ್ನ ಮರೆವಿನ ಹೇಳಿಕೆಯ ಕಾಗದವನ್ನು ತಂದು ಅವಳ ಮುಂದಿಟ್ಟೆ.

ಅವಳು ಕಾಗದ ನೋಡಲಿಲ್ಲ, ನನ್ನನ್ನೇ ನೋಡಿದಳು. "ನೀನೂ ಹಂಗ ಅಂತೀಯೇನವಾ?" ಎಂದಳು.

"ಸಹಿ ಮಾಡಿಬಿಡು ಚಿಗವ್ವಾ," ಎಂದೆ. ಅವಳು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ಅವಳು ಸಹಿ ಮಾಡಿದಳು. ಕೆಳಗೆ ಸಾಕ್ಷಿಯಾಗಿ ನಾನು ಮಾಡಿದೆ.

ಮರುದಿನವೇ ಖಾನಾವಳಿಯ ಪರವಾನಗಿ ರದ್ದಾಯಿತು. ಬುದ್ಧಿ ಮಸುಕಾದವರು ಒಲೆಯ ಮುಂದೆ ಜನರಿಗಾಗಿ ಅಡುಗೆ ಮಾಡುವಂತಿಲ್ಲ ಎಂಬ ನಿಯಮ ನನಗೆ ಗೊತ್ತಿರಲಿಲ್ಲ. ಕೇಳುವ ಗೋಜಿಗೂ ಹೋಗಿರಲಿಲ್ಲ. ಊರಿಗೆಲ್ಲ ಉಣಿಸುತ್ತಿದ್ದವಳು ಬಸ್ಸು ಹತ್ತಲು ನಾನು ಗುಡ್ಡದಿಂದ ಇಳಿಯುವವರೆಗೆ ಕಾಯಬೇಕಾಯಿತು. ಒಂದು ಪೊಟ್ಟಣ ಚಹಾಪುಡಿಗೂ ನನ್ನ ಕೈ ಬೇಕಾಯಿತು. ಅವಳು ಒಂದು ದಿನವೂ ಬೈಯಲಿಲ್ಲ. ಬದಲಿಗೆ ತನ್ನನ್ನೇ ಪರೀಕ್ಷಿಸಿಕೊಳ್ಳಲು ಶುರುಮಾಡಿದಳು. ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ನಾನು ಹೇಳದೆ ಹೋದೆ. ಅಡುಗೆಮನೆಯ ಗೋಡೆಯ ತುಂಬ ಸೀಮೆಸುಣ್ಣದ ಅಕ್ಷರಗಳು. ಉಪ್ಪು ಹಾಕಿದೆ. ಬಾಗಿಲು ಹಾಕಿದೆ. ಗುಳಿಗೆ ನುಂಗಿದೆ. ಸುಗಲಾ ಬಂದಿದ್ದಳು, ಮಂಗಳವಾರ. ಚಿಗವ್ವ ಮೂಲೆಯಲ್ಲಿ ಕುಳಿತಿದ್ದಳು, ಮುಖ ಬಾಡಿತ್ತು. ಊಟವಾಯಿತೇ ಎಂದು ಕೇಳಿದೆ. ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ 'ಉಂಡೆ' ಎಂದು ಬರೆದಿತ್ತು. ಅದು ಹಿಂದಿನ ದಿನ ಬರೆದದ್ದು. ಒರೆಸಿರಲಿಲ್ಲ. ಹೊಟ್ಟೆ ಹಸಿದಿದೆ ಎಂದು ಅವಳಿಗೆ ಗೊತ್ತಿತ್ತು, ಆದರೆ ತನ್ನ ಹೊಟ್ಟೆಗಿಂತ ಗೋಡೆಯನ್ನೇ ನಂಬಿ ಬೆಳಗಿನಿಂದ ಉಪವಾಸವಿದ್ದಳು.

ಆ ವಾರವೇ ನಾನು ಮೌಲಾಸಾಬ ನದಾಫ ಅವರ ಮನೆಗೆ ಹೋದೆ. ಅವರು ಖಾನಾವಳಿಯ ಹಳೆಯ ಗಿರಾಕಿ, ಎಂಬತ್ತರ ಹತ್ತಿರದವರು, ಮಂಡಳಿಯಲ್ಲಿ ಅಂಗೈದೀಪಗಳ ಒಳಗಿನ ಕೆಲಸ ನೋಡಿಕೊಂಡು ನಿವೃತ್ತರಾದವರು. ಯಾವ ಊರಿನ ಯಾವ ದೀಪದ ಮೇಲೆ ಚಿಗವ್ವನ ಕೈ ಬಿದ್ದಿತ್ತು ಎಂಬುದನ್ನಾದರೂ ತಿಳಿಯಬೇಕಿತ್ತು. ಅವರು ಖರೀದಿಯ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ದೀಪದ ಸಂಖ್ಯೆ ಇರಬೇಕಾದ ಜಾಗದಲ್ಲಿ ಎರಡು ಸೊನ್ನೆಗಳಿದ್ದವು.

"ಇದು ಅಂಗೈ ಅಲ್ಲ ತಂಗಿ, ಇದು ಕಾರ್ಡು," ಎಂದರು.

ಕಾರ್ಡೆಂದರೇನು ಎಂದು ನನಗೆ ಗೊತ್ತಿರಲಿಲ್ಲ. ಪೂರ್ವಿಕರೇ, ನಿಮಗೆ ಗೊತ್ತು. ನಿಮ್ಮ ಜೇಬಿನಲ್ಲಿದೆ. ಮೌಲಾಸಾಬರು ಹೇಳಿದ್ದನ್ನು ನಾನು ತಿಳಿದಷ್ಟು ಬರೆಯುತ್ತೇನೆ. ದೀಪ ನಮ್ಮ ಅಂಗೈಯನ್ನು ನೋಡುತ್ತದೆ, ನಿಜ. ನೋಡಿದ ಮೇಲೆ ಅದನ್ನು ಹದಿನಾರು ಅಂಕಿಗಳ ಒಂದು ಸಂಖ್ಯೆಯಾಗಿ ಬದಲಿಸಿ ಒಳಗೆ ಕಳಿಸುತ್ತದೆ. ಜೊತೆಗೆ ಒಂದು ಮುಗಿಯುವ ತಿಂಗಳು, ಮತ್ತೆ ಮೂರು ಗುಟ್ಟಿನ ಅಂಕಿ. ಒಳಗಿರುವ ವ್ಯವಸ್ಥೆ ನಿಮ್ಮ ಕಾಲದ್ದೇ. ಅದನ್ನು ಯಾರೂ ಬದಲಿಸಿಲ್ಲ. ಬದಲಿಸಿದರೆ ಒಂದು ದಿನವಾದರೂ ವ್ಯಾಪಾರ ನಿಲ್ಲುತ್ತದೆ ಎಂದು ಎಲ್ಲರೂ ಮುಂದಿನವರಿಗೆ ಬಿಟ್ಟರು. ಮುರುಕು ಬಾಗಿಲನ್ನು ಹಾಗೇ ಇಟ್ಟು, ಅದರ ಮೇಲೆ ಹೊಸ ಬೀಗ, ಅದರ ಮೇಲೆ ಇನ್ನೊಂದು ಬೀಗ ಹಾಕುತ್ತ ಬಂದರು. ಹೊರದೇಶದ ಕೆಲವು ವ್ಯಾಪಾರಿಗಳಿಗಾಗಿ ಆ ಸಂಖ್ಯೆಯನ್ನು ಕೈಯಿಂದಲೇ ಬರೆದು ಹಣ ಪಡೆಯುವ ಹಳೆದಾರಿ ಎಂಬುದೊಂದನ್ನು ತೆರೆದೇ ಇಟ್ಟರು. ಸಂಖ್ಯೆ ಗೊತ್ತಿದ್ದರೆ ಸಾಕು, ಅಂಗೈ ಬೇಡ. ತಾವು ಕೆಲಸದಲ್ಲಿದ್ದಾಗ ಇದರ ಬಗ್ಗೆ ನಾಲ್ಕು ಸಲ ಬರೆದುಕೊಟ್ಟಿದ್ದಾಗಿಯೂ, ನಾಲ್ಕೂ ಸಲ ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂದದ್ದಾಗಿಯೂ ಅವರು ಹೇಳಿದರು.

ಚಿಗವ್ವನ ಸಂಖ್ಯೆ ಹೇಗೆ ಸೋರಿತು ಎಂಬುದು ಆಮೇಲೆ ಸಿಕ್ಕಿತು. ಎರಡು ವರ್ಷದ ಹಿಂದೆ ಅವಳು ರೊಟ್ಟಿ ಬೇಯಿಸಲು ದೊಡ್ಡ ಹಂಚೊಂದನ್ನು ದೂರದ ಕಂಪನಿಯೊಂದರಿಂದ ತರಿಸಿದ್ದಳು. ಆ ಕಂಪನಿ ಗಿರಾಕಿಗಳ ಸಂಖ್ಯೆಗಳನ್ನೆಲ್ಲ ಅಳಿಸದೆ ಇಟ್ಟುಕೊಂಡಿತ್ತು. ಕಳ್ಳರು ಅವನ್ನು ಒಟ್ಟಿಗೆ ಬಾಚಿಕೊಂಡು ಹೋಗಿದ್ದರು. ಹನ್ನೊಂದು ತಿಂಗಳು ಕಂಪನಿಯವರು ಯಾರಿಗೂ ಒಂದು ಮಾತು ತಿಳಿಸಿರಲಿಲ್ಲ.

ಚಿಗವ್ವ, ಮೌಲಾಸಾಬರು, ನಾನು ಮೂವರೂ ವಾರುಣಿಯವರ ಕೋಣೆಗೆ ಹೋದೆವು. ಮೌಲಾಸಾಬರು ವಾದ ಮಾಡಲಿಲ್ಲ. ಅಮ್ಮಾವ್ರೇ, ನಿಮ್ಮ ಒಪ್ಪಿಗೆ ಇದ್ದರೆ ನಿಮ್ಮ ಹೆಸರಿನಲ್ಲೇ ಒಂದು ಸಣ್ಣ ಖರೀದಿ ಮಾಡಿ ತೋರಿಸುತ್ತೇನೆ ಎಂದರು. ವಾರುಣಿ ನಕ್ಕು ಒಪ್ಪಿದರು. ತಮ್ಮದೇ ಕಡತದಿಂದ ತಮ್ಮ ಸಂಖ್ಯೆ ತೆಗೆದು ಅವರ ಮುಂದಿಟ್ಟರು. ತಮಗೂ ಅಂಥದ್ದೊಂದು ಸಂಖ್ಯೆ ಇದೆಯೆಂದು ಅವರು ನೋಡಿದ್ದು ಅದೇ ಮೊದಲು. ಮೌಲಾಸಾಬರು ಒಂದೊಂದೇ ಅಂಕಿ ಒತ್ತಿ, ಹೊರದೇಶದ ಅಂಗಡಿಯೊಂದರಲ್ಲಿ ಒಂದು ಹೂಕುಂಡ ಕೊಂಡರು. ವಾರುಣಿಯವರ ಎರಡೂ ಕೈ ಮಡಿಲಲ್ಲಿದ್ದವು. ಮೇಜಿನ ಮೇಲಿನ ದೀಪ ತಾನಾಗಿ ಹಸಿರಾಯಿತು. ವಾರುಣಿಯವರೇ, ನಿಮ್ಮ ಅಂಗೈ ದೊರೆಯಿತು, ಧನ್ಯವಾದ ಎಂದಿತು.

ವಾರುಣಿ ಕೈಗಳನ್ನು ಮೇಲೆತ್ತಿ ತಿರುಗಿಸಿ ನೋಡಿಕೊಂಡರು. ಆಮೇಲೆ ಎದ್ದು ಬಂದು ಚಿಗವ್ವನ ಮುಂದೆ ನಿಂತರು. "ನಿಮಗೆ ಮರೆವಿಲ್ಲ ಅಮ್ಮಾ. ತಪ್ಪು ನಮ್ಮದು," ಎಂದರು.

ಹೇಳಿಕೆ ರದ್ದಾಯಿತು, ಪರವಾನಗಿ ಮರಳಿ ಬಂತು, ನನ್ನ ಕೈಗಾವಲು ಮುಗಿಯಿತು. ವಾರುಣಿ ಹಳೆಯ ಕಡತಗಳನ್ನೆಲ್ಲ ತೆಗೆಸಿದರು. ನಮ್ಮ ಒಂದು ಜಿಲ್ಲೆಯಲ್ಲೇ ಎರಡು ಸೊನ್ನೆಯ ಕಾಗದ ಇಟ್ಟುಕೊಂಡು ಮರೆವಿನ ಹೇಳಿಕೆಗೆ ಸಹಿ ಹಾಕಿದವರು ನಲವತ್ತಮೂರು ಜನ. ವಾರುಣಿ ಒಬ್ಬೊಬ್ಬರ ಮನೆಗೂ ತಾವೇ ಹೋದರು. ಒಂಬತ್ತು ಮನೆಗಳಲ್ಲಿ ಆ ಮುದುಕರು ಆಗಲೇ ತೀರಿಕೊಂಡಿದ್ದರು, ಮಕ್ಕಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಕಳ್ಳರು ಸಿಗಲಿಲ್ಲ. ಹಳೆದಾರಿ ಮುಚ್ಚಲಿಲ್ಲ. ಎಲ್ಲ ದೇಶಗಳೂ ಒಪ್ಪಬೇಕಂತೆ, ಮುಂದಿನ ವರ್ಷ ಸಭೆಯಂತೆ.

ಖಾನಾವಳಿ ಮತ್ತೆ ತೆರೆದ ದಿನ ಚಿಗವ್ವ ರೊಟ್ಟಿ ಬಡಿಯುತ್ತಿದ್ದಾಗ ನಾನು ಪಕ್ಕದಲ್ಲಿ ಕುಳಿತು ತಪ್ಪಾಯಿತು ಎಂದೆ. ಅವಳ ಕೈ ನಿಲ್ಲಲಿಲ್ಲ. "ಅವರು ನಂಬಲಿಲ್ಲ ಅಂದ್ರ ಅವರಿಗೆ ನಾ ಯಾರು? ನೀ ನಂಬಬೇಕಿತ್ತು," ಎಂದಳು. ಬೆಂದ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು. ಈಗಲೂ ಅವಳು ಸಾರಿನ ರುಚಿ ಮೂರು ಸಲ ನೋಡುತ್ತಾಳೆ. ಮೂರನೆಯ ಸಲ ನೋಡಿದ ಮೇಲೆ ನನ್ನ ಮುಖ ನೋಡುತ್ತಾಳೆ. ಸರಿಯಿದೆ ಚಿಗವ್ವಾ ಎನ್ನುತ್ತೇನೆ. ಆ ಹೆದರಿಕೆಯನ್ನು ಅವಳೊಳಗೆ ಇಟ್ಟವಳು ನಾನು. ಯಾವ ಮಂಡಳಿಯ ಆದೇಶದಿಂದಲೂ ಅದು ರದ್ದಾಗುತ್ತಿಲ್ಲ.

ದಾಖಲೆಮನೆಯಲ್ಲಿ ನಿಮ್ಮ ಕಾಲದ ದೂರುಗಳನ್ನು ಓದಿದ್ದೇನೆ. ನಾನು ಆ ಊರಿಗೆ ಹೋಗಿಲ್ಲ, ನಾನು ಕೊಂಡಿಲ್ಲ, ಯಾರಿಗೂ ಸಂಖ್ಯೆ ಹೇಳಿಲ್ಲ. ನೂರೈವತ್ತು ವರ್ಷದ ಹಿಂದಿನ ಕಾಗದದಲ್ಲಿ ಚಿಗವ್ವನ ದನಿಯೇ ಕೇಳಿದಂತಾಯಿತು. ನಿಮ್ಮಲ್ಲಿ ಯಾರಾದರೂ ಈ ಪಾವತಿಯ ಕೆಲಸದ ಕುರ್ಚಿಯಲ್ಲಿ ಕುಳಿತಿದ್ದರೆ, ಯಾರಾದರೂ ನಾಲ್ಕನೆಯ ಸಲ ಬರೆದುಕೊಟ್ಟ ಕಾಗದ ನಿಮ್ಮ ಮೇಜಿನ ಮೇಲಿದ್ದರೆ, ದಯವಿಟ್ಟು ಇವತ್ತೇ ಅದನ್ನು ಓದಿ. ವ್ಯಾಪಾರ ಒಂದು ದಿನ ನಿಲ್ಲಲಿ. ನಮ್ಮ ಕಾಲಕ್ಕೆ ಬಂದರೆ ಅದನ್ನು ನಿಲ್ಲಿಸುವ ಧೈರ್ಯ ಯಾರಿಗೂ ಉಳಿದಿರುವುದಿಲ್ಲ.

ಕುರ್ಚಿ ಇಲ್ಲದವರಿಗೂ ಒಂದು ಕೋರಿಕೆ ಇದೆ. ನಿಮ್ಮ ಮನೆಯ ಹಿರಿಯರೊಬ್ಬರು ಮೊಬೈಲು ಹಿಡಿದುಕೊಂಡು ಬಂದು, ಇದು ನಾನು ಮಾಡಿದ್ದಲ್ಲ ಎಂದು ಹೇಳಿದಾಗ, ಯಾರಿಗೆ ಏನು ಒತ್ತಿಕೊಟ್ಟೆ ಎಂದು ಕೇಳಬೇಡಿ. ಮೊದಲು ಹೌದು, ನೀನು ಮಾಡಿಲ್ಲ ಎನ್ನಿ. ಉಳಿದದ್ದನ್ನು ಆಮೇಲೆ ವಿಚಾರಿಸೋಣ.

ನಿಮ್ಮ ವಂಶದವಳು,
ಸುಗಲಾ ಬಳಿಗಾರ